ಬಣ್ಣಕ್ಕೆ ಬೆಣ್ಣೆ, ಕೀಲಿಗೆ ಸುಣ್ಣ

“ಹಳೆಯ ಕಾರಿನ ಸ್ಟಿಯರಿಂಗ್ ಎಂದರೆ ಹಾಗೆಯೇ, ಮೇಷ್ಟ್ರೇ. ಸ್ವಲ್ಪ ಆಟ ಇದ್ದೇ ಇರುತ್ತದೆ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು.”

ಹಳೆಯ ಕಾರುಗಳ ಮೆರವಣಿಗೆಯೊಂದರಲ್ಲಿ ಈ ಉಪದೇಶವನ್ನು ನನಗೆ ದಯಪಾಲಿಸಿದ ಮಹನೀಯರ ಕಾರಿಗೆ ಆ ದಿನ ಬಹುಮಾನ ಬಂತು. ಬರಬೇಕಾದದ್ದೇ. ಅದರ ಮೈಬಣ್ಣದಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಾಗಿತ್ತು. ದೀಪದ ಹಿತ್ತಾಳೆ ಬಂಗಾರವನ್ನು ನಾಚಿಸುತ್ತಿತ್ತು. ಆದರೆ ಅವರ ಅಪ್ಪಣೆ ಪಡೆದು ನಾನು ಸ್ಟಿಯರಿಂಗನ್ನು ಹಿಡಿದು ಅಲುಗಿಸಿದಾಗ, ಅದು ಅಂಗೈ ಅಗಲ ಅತ್ತಿತ್ತ ತಿರುಗಿತೇ ಹೊರತು ಮುಂದಿನ ಗಾಲಿಗಳು ಕದಲಲಿಲ್ಲ. ಯಜಮಾನನ ಮಾತು ಆಳಿನ ಕಿವಿಗೆ ಬೀಳುವುದರೊಳಗೆ ಅರ್ಧ ರಸ್ತೆ ಕಳೆದುಹೋಗುವಂಥ ಸಂಸಾರ ಅದು. ತೀರ್ಪುಗಾರರು ಬಣ್ಣವನ್ನು ನೋಡಿದರು, ಗಾದಿಯನ್ನು ನೋಡಿದರು, ಹಾರನ್ನನ್ನು ಒತ್ತಿ ಕೇಳಿದರು. ಕಾರಿನ ಕೆಳಗೆ ಬಗ್ಗಿ ನೋಡಿದವರು ಒಬ್ಬರೂ ಇಲ್ಲ.

‘ಆಟ’ ಎಂಬುದು ಒಳ್ಳೆಯ ಮಾತು. ಕೀಲಿನ ಸಡಿಲಕ್ಕೆ ಈ ಹೆಸರು ಒಪ್ಪುತ್ತದೆ, ಕನ್ನಡ ಪಾಠ ಹೇಳುವ ನನಗೆ ಅದು ಹಿಡಿಸಿಯೂ ಇದೆ. ಆದರೆ ಆಟವೆಂದು ಕರೆದ ಮಾತ್ರಕ್ಕೆ ಅದು ಆಟವಾಗಲಿಲ್ಲ. ನನ್ನ ವಾದವಿಷ್ಟೇ: ಹಳೆಯ ಕಾರಿನ ಸ್ಟಿಯರಿಂಗಿನ ಆಟ ವಯಸ್ಸಿನ ಧರ್ಮವಲ್ಲ, ಅಲಕ್ಷ್ಯದ ಫಲ. ಅದು ಎಲ್ಲಿ ಹುಟ್ಟಿತೋ ಅಲ್ಲಿಯೇ ಅದನ್ನು ತೆಗೆಯಬೇಕು. ಬೇರೆಲ್ಲೋ ಒಂದು ತಿರುಪನ್ನು ಬಿಗಿದು ಅದನ್ನು ಮರೆಮಾಡುವುದು ರಿಪೇರಿಯಲ್ಲ, ವಂಚನೆ. ಈ ವಂಚನೆಗೆ ಒಮ್ಮೆ ನಾನೇ ಸಿಕ್ಕಿ ಬಿದ್ದವನಾದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಮಾತನಾಡುತ್ತೇನೆ. ಓದುಗರು ಕ್ಷಮಿಸಬೇಕು.

ನನ್ನಲ್ಲಿರುವುದು ದೊಡ್ಡಪ್ಪನವರಿಂದ ಬಂದ ೧೯೩೦ರ ಫೋರ್ಡ್, ‘ಮಾಡೆಲ್ ಎ’. ಒಂದೂವರೆ ಕೋಟಿ ಮಾರಾಟವಾಗಿದ್ದ ‘ಮಾಡೆಲ್ ಟಿ’ಯನ್ನು ನಿಲ್ಲಿಸಿ ಹೆನ್ರಿ ಫೋರ್ಡ್ ೧೯೨೭ರ ಡಿಸೆಂಬರಿನಲ್ಲಿ ಜಗತ್ತಿಗೆ ತೋರಿಸಿದ ಕಾರು ಇದು. ೧೯೩೨ರ ಹೊತ್ತಿಗೆ ಸುಮಾರು ೪೮ ಲಕ್ಷ ಕಾರುಗಳು ತಯಾರಾಗಿದ್ದವು. ನಲವತ್ತು ಅಶ್ವಶಕ್ತಿಯ ಎಂಜಿನ್ನು, ನಾಲ್ಕೂ ಗಾಲಿಗೆ ಬ್ರೇಕು. ಜನಸಾಮಾನ್ಯರ ಕಾರು. ಇದರಲ್ಲಿ ಗುಟ್ಟು ಯಾವುದೂ ಇಲ್ಲ. ಬಗ್ಗಿ ನೋಡಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಸ್ಟಿಯರಿಂಗಿನ ಕಂಬದ ಬುಡದಲ್ಲಿ ಒಂದು ಪೆಟ್ಟಿಗೆ ಇದೆ. ಅದರೊಳಗೆ ‘ವರ್ಮ್’ ಎಂಬ ತಿರುಪು, ಅದಕ್ಕೆ ಕಚ್ಚಿಕೊಂಡ ‘ಸೆಕ್ಟರ್’ ಎಂಬ ಹಲ್ಲಿನ ತುಂಡು. ನಾವು ಸ್ಟಿಯರಿಂಗ್ ತಿರುಗಿಸಿದಾಗ ಪೆಟ್ಟಿಗೆಯಿಂದ ಹೊರಬಂದಿರುವ ಡ್ರಾಪ್ ಆರ್ಮ್ ಎಂಬ ತೋಳು ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಅದರ ತುದಿಯ ಉಕ್ಕಿನ ಗುಂಡಿಗೆ ಡ್ರ್ಯಾಗ್ ಲಿಂಕ್ ಎಂಬ ಸಲಾಕೆ ಸೇರಿದೆ. ಆ ಸಲಾಕೆಯ ಇನ್ನೊಂದು ತುದಿ ಒಂದು ಮುಂಗಾಲಿಯ ತೋಳನ್ನು ಹಿಡಿದಿದೆ. ಆ ಗಾಲಿಯಿಂದ ಎದುರು ಗಾಲಿಗೆ, ಅಚ್ಚಿನ ಹಿಂದುಗಡೆ ಅಡ್ಡಲಾಗಿ, ಟೈ ರಾಡ್ ಹಾಯ್ದಿದೆ. ಗಾಲಿಗಳು ತಿರುಗುವುದು ಅಚ್ಚಿನ ಎರಡು ತುದಿಗಳಲ್ಲಿ ನೆಟ್ಟ ಕಿಂಗ್ ಪಿನ್ನುಗಳ ಮೇಲೆ. ಒಟ್ಟಿನಲ್ಲಿ ನಾಲ್ಕು ಗುಂಡಿನ ಕೀಲುಗಳು, ಎರಡು ಕಿಂಗ್ ಪಿನ್ನುಗಳು, ಅವಕ್ಕೆ ನಾಲ್ಕು ಬುಷ್ಷುಗಳು, ಕೊನೆಗೆ ಆ ಪೆಟ್ಟಿಗೆ.

ಈಗ ಲೆಕ್ಕ ಹಾಕಿ. ಕೆಳಗಿನ ಒಂದು ಕೀಲಿನಲ್ಲಿ ಅಂಗುಲದ ಹದಿನಾರನೆಯ ಒಂದು ಪಾಲು ಸಡಿಲವಾಯಿತೆನ್ನಿ. ಪೆಟ್ಟಿಗೆಯ ಹಲ್ಲಿನ ಲೆಕ್ಕದಿಂದ ಹಿಗ್ಗಿ, ಅದು ನಮ್ಮ ಕೈಯಲ್ಲಿರುವ ಸ್ಟಿಯರಿಂಗಿನ ಅಂಚಿಗೆ ಬರುವಾಗ ಹೆಚ್ಚುಕಡಿಮೆ ಒಂದು ಅಂಗುಲವಾಗುತ್ತದೆ. ನಾಲ್ಕು ಕೀಲುಗಳು ಒಂದೊಂದು ಪಾಲು ಸವೆದರೆ ಸಾಕು, ಕಾರು ನಮ್ಮ ಮಾತು ಕೇಳುವುದನ್ನು ಬಿಟ್ಟು ತನ್ನ ಮನಸ್ಸಿಗೆ ಬಂದಂತೆ ನಡೆಯಲು. ಯಾವ ಒಂದು ಕೀಲೂ ತಾನು ತಪ್ಪಿತಸ್ಥ ಎಂದು ಒಪ್ಪುವುದಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ತಪ್ಪು ಮಾಡಿದ ಆಫೀಸಿನಂತೆ ಅದು.

ನನ್ನ ಕಾರಿನಲ್ಲೂ ಹೀಗೆಯೇ ಆಗಿತ್ತು. ನಾಲ್ಕು ಅಂಗುಲದ ಆಟ. ಊರಿನ ಒಂದು ಕಾರ್ಖಾನೆಗೆ ಒಯ್ದೆ. ಅಲ್ಲಿಯವರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿಕೊಟ್ಟರು. ಕಾರಿನ ಕೆಳಗೆ ಯಾರೂ ಮಲಗಲಿಲ್ಲ, ಜಾಕಿ ಎತ್ತಲಿಲ್ಲ. ಬಾನೆಟ್ಟು ತೆರೆದು, ಪೆಟ್ಟಿಗೆಯನ್ನು ಹೊಂದಿಸುವ ತಿರುಪುಗಳನ್ನು ಬಿಗಿದರು, ಅಷ್ಟೆ. ಮನೆಗೆ ಬರುವ ನೇರ ರಸ್ತೆಯಲ್ಲಿ ಕಾರು ಹೊಸ ಮದುವಣಗಿತ್ತಿಯಂತೆ ತಲೆ ತಗ್ಗಿಸಿ ನಡೆಯಿತು. ಆಟ ಮಂಗಮಾಯ! ಅವರನ್ನು ನಾಲ್ಕು ಜನರ ಮುಂದೆ ಹೊಗಳಿದೆ.

ಮರುವಾರ ಮಗಳನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ ಇಳಿಯುತ್ತಿದ್ದೆ. ಒಂದು ಎಡ ತಿರುವು. ತಿರುಗಿಸಿದೆ, ಕಾರು ತಿರುಗಿತು. ತಿರುವು ಮುಗಿಯಿತು. ಕೈ ಸಡಿಲಿಸಿದರೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರಬೇಕು. ಬರಲಿಲ್ಲ! ಇದ್ದಲ್ಲಿಯೇ ಕಚ್ಚಿಕೊಂಡು ನಿಂತಿತು. ಎರಡು ಕೈಯಲ್ಲೂ ಎಳೆದೆ. ಅದು ಮನಸ್ಸಿಲ್ಲದ ಮನಸ್ಸಿನಿಂದ ಬರುವಷ್ಟರಲ್ಲಿ ಎಡಗಡೆಯ ಮುಂಗಾಲಿ ರಸ್ತೆಯ ಬದಿಯ ಕಲ್ಲನ್ನು ಉಜ್ಜಿ ನಿಂತಿತ್ತು. ಕಲ್ಲಿನ ಆಚೆ ಇಳಿಜಾರು. ಮಗಳು “ಅಪ್ಪಾ, ಏನಾಯ್ತು?” ಎಂದಳು. ನನ್ನ ಬಾಯಲ್ಲಿ ಮಾತೇ ಹೊರಡಲಿಲ್ಲ. ಹದಿನೆಂಟು ವರ್ಷ ತರಗತಿಯಲ್ಲಿ ಮಾತನಾಡಿಯೇ ಅನ್ನ ತಿಂದವನು ನಾನು.

ಏನಾಗಿತ್ತೆಂದು ತಿಳಿಸಿದವರು ಕೆಲಸದಿಂದ ನಿವೃತ್ತರಾಗಿದ್ದ ಒಬ್ಬ ವೃದ್ಧ ಮೇಸ್ತ್ರಿಗಳು. ಸ್ನೇಹಿತರೊಬ್ಬರು ಅವರ ಮನೆಗೆ ಕರೆದೊಯ್ದರು. ನನ್ನ ಕಥೆಯನ್ನು ಪೂರ್ತಿ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: “ಬಾಕ್ಸ್ ಬಿಗಿದರೇನು, ಮೇಷ್ಟ್ರೇ?”

“ಬಿಗಿದರು, ಮೇಸ್ತ್ರಿಗಳೇ.”

“ಹಾಗಾದರೆ ನಿಮ್ಮ ಪುಣ್ಯ ದೊಡ್ಡದು.”

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಾವು ಕಾರು ನಡೆಸುವುದು ಬಹುಪಾಲು ನೇರ ರಸ್ತೆಯಲ್ಲಿ. ಆದ್ದರಿಂದ ಪೆಟ್ಟಿಗೆಯ ಹಲ್ಲುಗಳು ನಡುವಿನ ಜಾಗದಲ್ಲಿಯೇ ಹೆಚ್ಚಾಗಿ ಸವೆಯುತ್ತವೆ. ಎಡಬಲದ ಕೊನೆಗಳಲ್ಲಿ ಅವು ಇನ್ನೂ ದಪ್ಪವಾಗಿಯೇ ಇರುತ್ತವೆ. ನಡುವಿನ ಸಡಿಲ ಹೋಗುವ ತನಕ ತಿರುಪನ್ನು ಬಿಗಿದರೆ, ಸವೆಯದ ಕೊನೆಗಳಲ್ಲಿ ಹಲ್ಲು ಹಲ್ಲನ್ನು ಕಚ್ಚುತ್ತದೆ. ನೇರ ರಸ್ತೆಯಲ್ಲಿ ಸುಖ, ತಿರುವಿನಲ್ಲಿ ಯಮಪಾಶ. ತಿರುವು ಮುಗಿದ ಮೇಲೆ ಗಾಲಿಗಳು ತಾವಾಗಿ ನೇರವಾಗಲೆಂದೇ ಕಿಂಗ್ ಪಿನ್ನನ್ನು ಮೇಲ್ತುದಿ ಹಿಂದಕ್ಕೆ ವಾಲುವಂತೆ ಓರೆಯಾಗಿ ನೆಟ್ಟಿರುತ್ತಾರೆ. ಈ ಕಾರಿನಲ್ಲಿ ಆ ಓರೆ ಸುಮಾರು ೫ ಡಿಗ್ರಿ. ಕಾರು ಮಾಡಿದವರು ಹೀಗೆ ನಮಗೆ ಕೊಟ್ಟ ರಕ್ಷೆಯನ್ನು ಅರ್ಧ ಗಂಟೆಯ ಬಿಗಿತ ಕಿತ್ತುಕೊಂಡಿತು. ಇಷ್ಟಾಗಿ, ಸವೆದಿದ್ದ ಕೀಲುಗಳು ಸವೆದಂತೆಯೇ ಇದ್ದವು. ರೋಗ ಕಾಲಿನಲ್ಲಿ, ಪಟ್ಟಿ ಕಟ್ಟಿದ್ದು ತಲೆಗೆ!

ಮೇಸ್ತ್ರಿಗಳು ಕಲಿಸಿದ ಕ್ರಮ ಇದಕ್ಕೆ ನೇರ ವಿರುದ್ಧವಾದದ್ದು. ನೆಲದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಪೆಟ್ಟಿಗೆಯ ಸರದಿ ಕಟ್ಟಕಡೆಗೆ.

ಮೊದಲು ಒಬ್ಬರು ಕಾರಿನಲ್ಲಿ ಕುಳಿತು ಸ್ಟಿಯರಿಂಗನ್ನು ಅಂಗುಲದಷ್ಟು ಅತ್ತಿತ್ತ ಅಲುಗಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡಬೇಕು. ಕೀಲಿನ ಒಂದು ಕಡೆ ಕದಲಿ ಇನ್ನೊಂದು ಕಡೆ ಸುಮ್ಮನಿದ್ದರೆ ಕಳ್ಳ ಅಲ್ಲಿಯೇ ಇದ್ದಾನೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ.

ಆಮೇಲೆ ಅಚ್ಚಿಗೆ ಜಾಕಿ ಕೊಟ್ಟು ಎತ್ತಿ, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸುವುದು. ಅಲುಗಿದರೆ ಬೇರಿಂಗಿನದೋ ಕಿಂಗ್ ಪಿನ್ನಿನದೋ ತಪ್ಪು. ಯಾರದೆಂದು ತಿಳಿಯಲು ಒಬ್ಬರು ಬ್ರೇಕು ತುಳಿಯಬೇಕು. ತುಳಿದಾಗ ಅಲುಗಾಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್ ಪಿನ್ನು. ಇಷ್ಟು ಸುಲಭವಾದ ನ್ಯಾಯತೀರ್ಮಾನ ಯಾವ ಕೋರ್ಟಿನಲ್ಲಿಯೂ ಸಿಕ್ಕುವುದಿಲ್ಲ. ನನ್ನ ಕಾರಿನಲ್ಲಿ ಎರಡೂ ಕಡೆಯ ಬುಷ್ಷುಗಳು ತೇದು ಹೋಗಿದ್ದವು. ವರ್ಷಗಟ್ಟಲೆ ಗ್ರೀಸ್ ಕಂಡಿರಲಿಲ್ಲ.

ಮುಂದೆ ಟೈ ರಾಡ್, ಡ್ರ್ಯಾಗ್ ಲಿಂಕ್. ಇವುಗಳ ತುದಿಯಲ್ಲಿ ಗುಂಡಿಗೆ ಎರಡು ಬಟ್ಟಲು, ಒಂದು ಸ್ಪ್ರಿಂಗು, ಹೊರಗಿನಿಂದ ಒಂದು ತಿರುಪಿನ ಮುಚ್ಚಳ, ಅದು ಬಿಚ್ಚದಂತೆ ಕಾಟರ್ ಪಿನ್ನು. ಸವೆದಂತೆಲ್ಲ ಮುಚ್ಚಳವನ್ನು ತಿರುಗಿಸಿ ಸಡಿಲ ತೆಗೆಯಲೆಂದೇ ಈ ಏರ್ಪಾಡು. ಆದರೆ ಇಲ್ಲಿಯೂ ಅದೇ ಬಲೆ ಕಾದಿದೆ. ಗುಂಡು ಎಲ್ಲ ಕಡೆಯೂ ಒಂದೇ ಸಮ ಸವೆಯುವುದಿಲ್ಲ, ಬರಬರುತ್ತಾ ಕೋಳಿಮೊಟ್ಟೆಯ ಆಕಾರಕ್ಕೆ ಇಳಿಯುತ್ತದೆ. ಮೊಟ್ಟೆಯಾದ ಗುಂಡಿನ ಮೇಲೆ ಮುಚ್ಚಳ ಬಿಗಿದರೆ ನೇರದಲ್ಲಿ ಸರಿ, ತಿರುವಿನಲ್ಲಿ ಬಿಗಿತ. ಆದ್ದರಿಂದ ಕೀಲನ್ನು ಬಿಚ್ಚಿ, ಗುಂಡನ್ನು ಎರಡು ಕಡೆಯಿಂದ ಕ್ಯಾಲಿಪರಿನಲ್ಲಿ ಅಳೆಯಬೇಕು. ಗುಂಡು ದುಂಡಗಿದ್ದರೆ ಮುಚ್ಚಳವನ್ನು ಪೂರ್ತಿ ಬಿಗಿದು, ಪಿನ್ನಿನ ತೂತು ಎದುರು ಬರುವಷ್ಟು ಮಾತ್ರ ಹಿಂದಕ್ಕೆ ಬಿಡುವುದು. ಸ್ಪ್ರಿಂಗು ರಸ್ತೆಯ ಏಟನ್ನು ನುಂಗಲು ಇಟ್ಟದ್ದು, ಅದಕ್ಕೂ ಉಸಿರಾಡಲು ಜಾಗ ಬೇಕು. ದುಂಡಗಿಲ್ಲದಿದ್ದರೆ ಬಿಗಿಯುವ ಮಾತೇ ಇಲ್ಲ, ಗುಂಡನ್ನೇ ಬದಲಿಸಬೇಕು.

ಇವೆಲ್ಲ ಮುಗಿದ ಮೇಲೆ ಗಾಲಿಗಳ ನೋಟ. ಮುಂಗಾಲಿಗಳು ಮುಂದುಗಡೆ ಒಂದು ಎಳೆಯಷ್ಟು ಒಳಮುಖವಾಗಿರಬೇಕು. ಈ ಕಾರಿಗೆ ಅದು ಅಂಗುಲದ ಹದಿನಾರನೆಯ ಒಂದು ಪಾಲು, ಎಂದರೆ ಒಂದೂವರೆ ಮಿಲಿಮೀಟರಿನ ಮೇಲೆ ಕೂದಲೆಳೆ. ಟಯರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಮುಂದುಗಡೆ ಅಳೆದು, ಕಾರನ್ನು ಅರ್ಧ ಸುತ್ತು ಉರುಳಿಸಿ, ಅದೇ ಗೆರೆಗಳನ್ನು ಹಿಂದುಗಡೆ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಟೈ ರಾಡಿನ ಕ್ಲ್ಯಾಂಪನ್ನು ಸಡಿಲಿಸಿ ಅದನ್ನು ಉದ್ದ ಗಿಡ್ಡ ಮಾಡಿ ಹೊಂದಿಸಬೇಕು. ಕೀಲುಗಳು ಸಡಿಲವಿರುವಾಗ ಈ ಅಳತೆ ಹಾಕುವುದು ಅಳ್ಳಾಡುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಕೊನೆಗೆ, ಡ್ರ್ಯಾಗ್ ಲಿಂಕನ್ನು ಬಿಡಿಸಿ ಪೆಟ್ಟಿಗೆಯನ್ನು ಒಂಟಿಯಾಗಿ ಪರೀಕ್ಷಿಸುವುದು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸ್ಟಿಯರಿಂಗನ್ನು ಎರಡು ಬೆರಳಿನಲ್ಲಿ ತಿರುಗಿಸಿದರೆ ಎಲ್ಲಿಯೂ ತಡೆಯಬಾರದು. ತಡೆಯದಂತೆ ಎಷ್ಟು ಬಿಗಿಯಬಹುದೋ ಅಷ್ಟೇ ಬಿಗಿಯತಕ್ಕದ್ದು. ನಡುವೆ ಆಮೇಲೂ ಸಡಿಲ ಉಳಿದರೆ ಹಲ್ಲುಗಳ ಆಯುಷ್ಯ ತೀರಿತೆಂದು ಅರ್ಥ, ತಿರುಪಿನದಲ್ಲ. ಒಳಗೆ ಹಾಕತಕ್ಕದ್ದು ದಪ್ಪ ಗೇರ್ ಎಣ್ಣೆ, ಗ್ರೀಸಲ್ಲ. ಗ್ರೀಸನ್ನು ಹಲ್ಲುಗಳು ಒಮ್ಮೆ ಪಕ್ಕಕ್ಕೆ ತಳ್ಳಿದರೆ ಅದು ತಿರುಗಿ ಬರುವುದಿಲ್ಲ, ಹಲ್ಲು ಒಣಗಿದ ಹಾದಿಯಲ್ಲಿಯೇ ಓಡಾಡುತ್ತದೆ. ಎಣ್ಣೆ ಸೋರುತ್ತದೆಂದು ಗ್ರೀಸ್ ತುಂಬಿದ್ದೇ ಎಷ್ಟೋ ಪೆಟ್ಟಿಗೆಗಳ ಮರಣಕ್ಕೆ ಕಾರಣ.

ನಮಗೆ ಮೂರು ಭಾನುವಾರ ಹಿಡಿಯಿತು. ಬುಷ್ಷುಗಳನ್ನು ಲೇತಿನಲ್ಲಿ ಮಾಡಿಸಿ, ಗುಂಡುಗಳನ್ನು ಬದಲಿಸಿ, ಪೆಟ್ಟಿಗೆಯ ಬಿಗಿತವನ್ನು ಬಿಟ್ಟಾಗ ನಾಲ್ಕು ಅಂಗುಲದ ಆಟ ಒಂದು ಅಂಗುಲಕ್ಕೆ ಇಳಿಯಿತು. ಆ ಒಂದು ಅಂಗುಲ ನಿಜವಾಗಿ ವಯಸ್ಸಿನದು. ಅದನ್ನು ನಾನು ಗೌರವದಿಂದ ಒಪ್ಪಿಕೊಂಡಿದ್ದೇನೆ.

ಇನ್ನು ಎದುರು ವಾದಗಳು. ಮೂರು ಪಂಗಡದವರು ನನ್ನೊಡನೆ ಜಗಳಕ್ಕೆ ಬಂದಿದ್ದಾರೆ.

ಮೊದಲನೆಯವರು ಮುಟ್ಟಬಾರದೆನ್ನುವವರು. “ಮೂಲದ ಗುಂಡು ತೆಗೆದು ಹೊಸದು ಹಾಕಿದರೆ ಕಾರಿನ ಪ್ರಾಚೀನತೆ ಹೋಗುವುದಿಲ್ಲವೇ?” ಎಂಬುದು ಇವರ ಆಕ್ಷೇಪ. ಹಳಗನ್ನಡ ಗ್ರಂಥ ಸಂಪಾದನೆಯ ಬಗ್ಗೆ ಪಾಠ ಹೇಳುವ ನನಗೆ ಇದು ಪರಿಚಿತವಾದ ವಾದ. ಲಿಪಿಕಾರನ ಕೈತಪ್ಪು ಓಲೆಯಲ್ಲಿ ಇದೆಯೆಂದ ಮಾತ್ರಕ್ಕೆ ಅದು ಕವಿಯ ಪಾಠವಾಗುವುದಿಲ್ಲ. ತೊಂಬತ್ತು ವರ್ಷಗಳ ಧೂಳು ತಿಂದು ಮೊಟ್ಟೆಯಾದ ಗುಂಡು ಹೆನ್ರಿ ಫೋರ್ಡನ ಪಾಠವಲ್ಲ, ಅವನದು ದುಂಡಗಿನ ಗುಂಡು. ಸವೆಯುತ್ತದೆಂದು ತಿಳಿದೇ ಮುಚ್ಚಳಕ್ಕೆ ತಿರುಪು ಕೊಟ್ಟ, ಬುಷ್ಷನ್ನು ಬದಲಿಸುವಂತೆ ಇಟ್ಟ. ಸವೆದದ್ದನ್ನು ಬದಲಿಸುವುದೇ ಮೂಲಕ್ಕೆ ತೋರಿಸುವ ನಿಷ್ಠೆ.

ಎರಡನೆಯವರು ಹೊಸಬರು. “ಇದೆಲ್ಲ ಯಾಕೆ ಸ್ವಾಮಿ, ಹೊಸ ಕಾಲದ ಸ್ಟಿಯರಿಂಗ್ ಹಾಕಿಸಿಬಿಡಿ. ನಡುಗಿದರೆ ಒಂದು ಡ್ಯಾಂಪರ್ ಕೂರಿಸಿ” ಎನ್ನುವವರು. ಗಾಲಿ ನಡುಗುವುದು ಕೀಲುಗಳು ನೋವೆಂದು ಕೂಗಿಕೊಳ್ಳುವ ಸದ್ದು. ಡ್ಯಾಂಪರ್ ಆ ಕೂಗಿನ ಬಾಯಿಗೆ ಬಟ್ಟೆ ತುರುಕುತ್ತದೆ, ನೋವನ್ನು ತೆಗೆಯುವುದಿಲ್ಲ. ಬೇರೆ ಕಾರಿನ ಪೆಟ್ಟಿಗೆ ಕೂರಿಸಲು ತೋಳುಗಳನ್ನು ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸಿದವರನ್ನೂ ಬಲ್ಲೆ. ತಿರುವಿನಲ್ಲಿ ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಮ್ಯೂನಿಕ್ಕಿನ ಗಾಡಿ ತಯಾರಕ ಲ್ಯಾಂಕೆನ್ಸ್‌ಪರ್ಗರ್ ಕಂಡುಹಿಡಿದು, ೧೮೧೮ರಲ್ಲಿ ಅಕರ್ಮನ್ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ತತ್ತ್ವ ಇದು. ಮೋಟಾರು ಹುಟ್ಟುವ ಮೊದಲೇ ಕುದುರೆಗಾಡಿಗೆಂದು ಹುಟ್ಟಿತು. ಆ ತೋಳುಗಳ ಓರೆಯಲ್ಲಿಯೇ ಈ ಲೆಕ್ಕ ಅಡಗಿದೆ. ಕಾಯಿಸಿ ಬಗ್ಗಿಸಿದರೆ ಲೆಕ್ಕವೂ ಹೋಯಿತು, ಉಕ್ಕಿನ ಬಲವೂ ಹೋಯಿತು.

ಮೂರನೆಯವರೇ ಬಹುಸಂಖ್ಯಾತರು. “ವರ್ಷಕ್ಕೆರಡು ಸಲ ಮೆರವಣಿಗೆಗೆ ಹೊರಡುವ ಕಾರು. ಇಪ್ಪತ್ತು ಮೈಲಿ ವೇಗ. ಅದಕ್ಕೆ ಇಷ್ಟೆಲ್ಲ ಯಾಕೆ?” ಎನ್ನುತ್ತಾರೆ. ಮೇಲ್ನೋಟಕ್ಕೆ ಒಪ್ಪತಕ್ಕ ಮಾತೇ. ಆದರೆ ಮೆರವಣಿಗೆಯ ದಾರಿಯಲ್ಲಿ ಯಾರು ನಿಂತಿರುತ್ತಾರೆ? ಶಾಲೆಯ ಮಕ್ಕಳು. ಅವರ ಕಾಲಿಗೂ ನಮ್ಮ ಗಾಲಿಗೂ ನಡುವೆ ಒಂದು ಮಾರು. ಹಳ್ಳಿಯ ತೇರನ್ನು ನೋಡಿ. ವರ್ಷಕ್ಕೊಂದೇ ದಿನ ಎಳೆಯುವುದು, ಆಳು ನಡೆಯುವ ವೇಗವೂ ಇಲ್ಲ. ಆದರೂ ಗಾಲಿಗೆ ಮರದ ತುಂಡು ಕೊಟ್ಟು ಅದನ್ನು ದಾರಿಗೆ ತರುವವರು ಎಚ್ಚರ ತಪ್ಪುವುದಿಲ್ಲ. ಸಂತೆಗೆ ಹೋಗುವ ರೈತ ಕಡಾಣಿಯ ಜಾಗಕ್ಕೆ ಕಡ್ಡಿ ಚುಚ್ಚಿ ಗಾಡಿ ಹೂಡಿದ್ದುಂಟೇ? ನಾವೋ ಕಾಟರ್ ಪಿನ್ನಿನ ಜಾಗಕ್ಕೆ ಕಟ್ಟುತಂತಿ ಸುತ್ತಿ, ಮೇಲೆ ಹೂಮಾಲೆ ಹಾಕಿ ಹೊರಡುತ್ತೇವೆ.

ಸರ್ಕಾರ ನೋಡಿಕೊಳ್ಳುತ್ತದೆ ಎಂದು ಕೆಲವರು ನಂಬಿದ್ದಾರೆ. ಮೋಟಾರು ವಾಹನ ನಿಯಮಗಳಿಗೆ ೨೦೨೧ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ ೫೦ ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ಏರ್ಪಡಿಸಿತು. ಹೊಸ ನೋಂದಣಿಗೆ ೨೦ ಸಾವಿರ ರೂಪಾಯಿ ಶುಲ್ಕ, ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು. ಒಳ್ಳೆಯ ಕೆಲಸ, ಸಂತೋಷ. ಷಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದೆಂದು ಅದರ ವ್ಯಾಖ್ಯೆ ಹೇಳುತ್ತದೆ. ಕಾರು ಹಳೆಯದೇ ಎಂದು ಗುರುತಿಸಲು ಅಷ್ಟು ಸಾಕು. ಆದರೆ ಹಳೆಯ ಕಾರು ಕೈಮಾತು ಕೇಳುತ್ತದೆಯೇ ಎಂಬ ಪ್ರಶ್ನೆಗೆ ಫಲಕ ಉತ್ತರ ಕೊಡಲಾರದು. ಅದನ್ನು ಒಡೆಯನೇ ಕೊಡಬೇಕು.

ಆದ್ದರಿಂದ ಹಳೆಯ ಕಾರುಗಳ ಸಂಘಗಳಿಗೆ ನನ್ನ ಬೇಡಿಕೆ ಒಂದೇ. ಬಹುಮಾನದ ಸಾಲಿನಲ್ಲಿ ನಿಂತ ಪ್ರತಿಯೊಂದು ಕಾರಿನ ಮುಂಭಾಗವನ್ನೂ ಮೊದಲು ಜಾಕಿಯ ಮೇಲೆ ಎತ್ತಿ. ಗಾಲಿಯನ್ನು ಹಿಡಿದು ಅಲುಗಿಸಿ. ಒಂದೊಂದು ಕಾಟರ್ ಪಿನ್ನನ್ನೂ ಕಣ್ಣಾರೆ ನೋಡಿ. ಇದಕ್ಕೆ ಕಾರಿಗೆ ಹತ್ತು ನಿಮಿಷ ಸಾಕು. ಇದರಲ್ಲಿ ತೇರ್ಗಡೆಯಾದವುಗಳ ಬಣ್ಣವನ್ನು ಆಮೇಲೆ ಬೇಕಾದಷ್ಟು ಹೊತ್ತು ನೋಡೋಣ. ಕಾಗುಣಿತ ಬಾರದ ಹುಡುಗನಿಗೆ ಅಕ್ಷರ ದುಂಡಗಿದೆಯೆಂದು ಮೊದಲ ದರ್ಜೆ ಕೊಡುವ ಪರೀಕ್ಷೆ ಎಲ್ಲಿಯೂ ನಡೆಯಬಾರದು.

ಒಡೆಯರಿಗೂ ಒಂದು ಮಾತು. ವರ್ಷಕ್ಕೊಮ್ಮೆಯಾದರೂ ನಿಮ್ಮ ಕಾರಿನ ಕೆಳಗೆ ನೀವೇ ಮಲಗಿ. ಬಿಳಿಯ ಷರಟು ಹಾಳಾಗುತ್ತದೆ, ನಿಜ. ನನ್ನ ಮನೆಯಲ್ಲಿ ಆ ವಿಷಯದ ಮೇಲೆ ಇನ್ನೂ ಶಾಂತಿ ಒಪ್ಪಂದ ಆಗಿಲ್ಲ. ಆದರೆ ಆ ಕೆಲಸಕ್ಕೆ ಈಗ ನನ್ನ ಜೊತೆಗಿರುವುದು ಮಗಳು. ಅವಳು ಮೇಲೆ ಕುಳಿತು ಸ್ಟಿಯರಿಂಗ್ ಅಲುಗಿಸುತ್ತಾಳೆ, ನಾನು ಕೆಳಗೆ ಕೀಲುಗಳ ಮೇಲೆ ಕೈಯಿಟ್ಟು ಹೋಗುತ್ತೇನೆ. ಕಳೆದ ಸಲ ಅವಳು ಕೇಳಿದಳು: “ಈಗ ಬೆಟ್ಟಕ್ಕೆ ಹೋಗಬಹುದಾ, ಅಪ್ಪ?”

ಕೊನೆಯ ಕಾಟರ್ ಪಿನ್ನಿನ ಕಾಲುಗಳನ್ನು ಮಡಚಿದ ಮೇಲೆ ಉತ್ತರ ಹೇಳಿದೆ.